ಆರೈಕೆ ಮಾಡುವವರ ಬಿಡುವಿಗೆ ಸರ್ಕಾರದ ಹಣ: ಪುಣೆಯ ಕನ್ನಡ ಮನೆಗಳಿಗೆ ಲೆಕ್ಕ ಕೇಳುವ ದಾರಿ

ಪುಣೆಯಲ್ಲಿ ಸೆರೆಬ್ರಲ್ ಪಾಲ್ಸಿ, ಆಟಿಸಂ ಅಥವಾ ಬುದ್ಧಿಮಾಂದ್ಯ ಇರುವ ಮಕ್ಕಳನ್ನು ಮನೆಯಲ್ಲೇ ನೋಡಿಕೊಳ್ಳುತ್ತಿರುವ ಕನ್ನಡದ ತಾಯಂದಿರು ಕಚೇರಿಗೆ ಹೋದರೆ ಕೇಳುವುದು ಪಿಂಚಣಿ, ಬಸ್ ಪಾಸ್, ಗಾಲಿಕುರ್ಚಿ. ಮನೆಯಲ್ಲಿ ಕುಳಿತು ಮಾತಾಡಿದಾಗ ಬೇರೆಯದೇ ಹೊರಬರುತ್ತದೆ. ನಾಲ್ಕು ದಿನ ಯಾರಾದರೂ ಇವನನ್ನು ನೋಡಿಕೊಂಡಿದ್ದರೆ ಸಿಂದಗಿಗೆ ಹೋಗಿ ಅಕ್ಕನ ಮಗಳ ಮದುವೆ ಮುಗಿಸಿಕೊಂಡು ಬರುತ್ತಿದ್ದೆ. ಗರ್ಭಕೋಶದ ಆಪರೇಷನ್ ಮಾಡಿಸಿಕೊಳ್ಳಿ ಎಂದು ಡಾಕ್ಟರು ಹೇಳಿ ಎಷ್ಟು ಕಾಲವಾಯಿತು, ಇವನನ್ನು ಯಾರ ಬಳಿ ಬಿಡಲಿ? ಈ ಮಾತು ಯಾವ ಅರ್ಜಿಯಲ್ಲೂ ಬರೆದಿರುವುದಿಲ್ಲ. ಅರ್ಜಿಯಲ್ಲಿ ಇಲ್ಲದ್ದಕ್ಕೆ ಬಜೆಟ್ಟಿನಲ್ಲಿ ಸಾಲು ಬರುವುದಿಲ್ಲ. ಕೇಳಿದರೆ ಕಚೇರಿಯವರು ಶಾಂತವಾಗಿ ಹೇಳುತ್ತಾರೆ: ಬೇಡಿಕೆಯೇ ಇಲ್ಲವಲ್ಲ.

ಬೇಡಿಕೆ ಇದೆ ಎಂದು ಕಾಗದದ ಮೇಲೆ ಸ್ಥಾಪಿಸುವುದು, ಇಟ್ಟ ಹಣ ಎಲ್ಲಿ ಹೋಯಿತೆಂದು ಕಾಗದದ ಮೇಲೆಯೇ ಕೇಳುವುದು, ಉತ್ತರ ಬಾರದಿದ್ದರೆ ಉತ್ತರ ಕೊಡಲೇಬೇಕಾದವರ ಬಳಿ ಹೋಗುವುದು. ಕೆಳಗಿರುವುದೆಲ್ಲ ಈ ಮೂರರ ವಿವರ. ಬರೆಯುವಾಗ ನನ್ನ ಕಣ್ಣ ಮುಂದೆ ಇರುವುದು ಯರವಡಾ, ಜನತಾ ವಸಾಹತ್, ಬಿಬ್ವೇವಾಡಿ, ಪಿಂಪ್ರಿ ಕಡೆಯ ಮನೆಗಳು: ಕಲಬುರಗಿ, ವಿಜಯಪುರ, ಯಾದಗಿರಿಗಳಿಂದ ಕಟ್ಟಡ ಕೆಲಸಕ್ಕೆ ಬಂದು ಇಲ್ಲೇ ನೆಲೆಸಿದವರು. ಮುಂಬೈ ಮತ್ತು ಗೋವಾದವರಿಗೆ ಬೇರೆಯಾಗುವ ಸಂಗತಿಗಳನ್ನು ಕೊನೆಯಲ್ಲಿ ಹೇಳಿದ್ದೇನೆ.

ಮೊದಲು ನಿಮ್ಮ ಹಕ್ಕು ಏನೆಂದು ತಿಳಿದಿರಲಿ

ಆರೈಕೆ ಮಾಡುವವರಿಗೆ ಕೆಲವು ಗಂಟೆ ಅಥವಾ ಕೆಲವು ದಿನ ಬಿಡುವು ಕೊಡಲು ಬೇರೊಬ್ಬರು ಆ ವ್ಯಕ್ತಿಯನ್ನು ನೋಡಿಕೊಳ್ಳುವುದಕ್ಕೆ ರೆಸ್ಪೈಟ್ ಕೇರ್ ಎನ್ನುತ್ತಾರೆ. ಇಲ್ಲಿ ಬಿಡುವಿನ ಆರೈಕೆ ಎಂದು ಕರೆಯುತ್ತೇನೆ. ಇದು ಯಾರೋ ದಯಾಳುಗಳು ಕೊಡುವ ಉಪಕಾರವಲ್ಲ. ಅಂಗವೈಕಲ್ಯ ಇರುವವರ ಹಕ್ಕುಗಳ ವಿಶ್ವಸಂಸ್ಥೆ ಒಡಂಬಡಿಕೆಯನ್ನು ಭಾರತ 2007ರ ಅಕ್ಟೋಬರ್ 1ರಂದು ಅನುಮೋದಿಸಿತು. ಬಡತನದಲ್ಲಿರುವ ಕುಟುಂಬಗಳಿಗೆ ಸರ್ಕಾರ ಕೊಡಬೇಕಾದ ನೆರವಿನಲ್ಲಿ ಬಿಡುವಿನ ಆರೈಕೆಯೂ ಸೇರಿದೆ ಎಂದು ಅದರ 28ನೇ ವಿಧಿ ಹೆಸರಿಸಿಯೇ ಹೇಳುತ್ತದೆ. ಸಮುದಾಯದ ನಡುವೆ ಬದುಕುವ ಹಕ್ಕು 19ನೇ ವಿಧಿಯಲ್ಲಿದೆ.

ನಮ್ಮದೇ ಕಾನೂನುಗಳು ಎರಡಿವೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ (ಎಲ್ಲರೂ ನ್ಯಾಷನಲ್ ಟ್ರಸ್ಟ್ ಎನ್ನುವುದು ಇದನ್ನೇ) ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ ಸಂಬಂಧಿಸಿದ್ದು. ಅದರ 11ನೇ ಕಲಮಿನಲ್ಲಿ ಟ್ರಸ್ಟ್ ಹಣ ಕೊಡಬಹುದಾದ ಕಾರ್ಯಕ್ರಮಗಳ ಪೈಕಿ ಬಿಡುವಿನ ಆರೈಕೆ ಮತ್ತು ಹಗಲು ಆರೈಕೆ ಸ್ಪಷ್ಟವಾಗಿ ಇವೆ. ಅದಕ್ಕೆಂದೇ ‘ಸಮರ್ಥ್’ ಎಂಬ ಯೋಜನೆ ಬಂತು (ಈಗ ‘ಸಮರ್ಥ್-ಕಮ್-ಘರೌಂದಾ’ ಎನ್ನುತ್ತಾರೆ), ವಯಸ್ಕರ ವಸತಿಗೆ ‘ಘರೌಂದಾ’, ಹಗಲು ಆರೈಕೆಗೆ ‘ವಿಕಾಸ್’ (ಈಗ ‘ದಿಶಾ-ಕಮ್-ವಿಕಾಸ್’), ಆರೈಕೆದಾರರ ತರಬೇತಿಗೆ ‘ಸಹಯೋಗಿ’. ಎರಡನೆಯದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಮನೆಗೆ ಬಂದು ಕೊಡುವ ಸೇವೆ, ವಸತಿ ಸೇವೆ, ವೈಯಕ್ತಿಕ ಸಹಾಯಕರು, ಸಮುದಾಯದ ಇತರ ಬೆಂಬಲ ಸೇವೆಗಳು ಸಿಗುವಂತೆ ಸರ್ಕಾರ ಪ್ರಯತ್ನಿಸಬೇಕು ಎಂದು ಇದರ 5ನೇ ಕಲಮು ಹೇಳುತ್ತದೆ. ಹೆಚ್ಚಿನ ಬೆಂಬಲ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತು 24ನೇ ಕಲಮಿನಲ್ಲಿದೆ.

‘ಪ್ರಯತ್ನಿಸಬೇಕು’ ಎಂಬಂಥ ಮೆತ್ತನೆಯ ಪದಗಳನ್ನು ಕಾನೂನು ಬರೆಯುವವರು ಸುಮ್ಮನೆ ಬಳಸುವುದಿಲ್ಲ. ಹಣ ಇಡದೆ ತಪ್ಪಿಸಿಕೊಳ್ಳಲು ಅಲ್ಲೊಂದು ಸಂದಿ ಇರುತ್ತದೆ. ಆದ್ದರಿಂದಲೇ ನಾನು ಹಕ್ಕಿನ ಭಾಷಣಕ್ಕಿಂತ ಲೆಕ್ಕದ ಪ್ರಶ್ನೆಯನ್ನು ಹೆಚ್ಚು ನಂಬುತ್ತೇನೆ. ಹಕ್ಕಿನ ಬಗ್ಗೆ ಅಧಿಕಾರಿ ನಿಮ್ಮೊಂದಿಗೆ ವಾದ ಮಾಡಬಲ್ಲ. ‘ಬಜೆಟ್ಟಿನ ಈ ತಲೆಬರಹದಲ್ಲಿ, ಅಂದರೆ ಈ ಬಾಬತ್ತಿನಲ್ಲಿ, ಎಷ್ಟು ಇಟ್ಟಿರಿ, ಎಷ್ಟು ಖರ್ಚಾಯಿತು’ ಎಂದರೆ ಉತ್ತರ ಒಂದು ಅಂಕಿ ಮಾತ್ರ.

ಕಾಗದ ಒಟ್ಟುಮಾಡುವುದು

ಇದನ್ನು ಬೇಗ ಮುಗಿಸಿ. ಯುಡಿಐಡಿ ಕಾರ್ಡ್ (ಅಂಗವೈಕಲ್ಯ ಇರುವವರಿಗೆ ಕೊಡುವ ವಿಶಿಷ್ಟ ಗುರುತಿನ ಚೀಟಿ), ಆಧಾರ್, ಪುಣೆಯ ವಿಳಾಸದ ಪುರಾವೆ, ಬ್ಯಾಂಕ್ ಪುಸ್ತಕ. ಯುಡಿಐಡಿ ಇಲ್ಲದಿದ್ದರೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಕಾರ್ಡು ಕರ್ನಾಟಕದಲ್ಲಿ ಆದದ್ದು ಎಂದು ಯಾರಾದರೂ ಹಿಂದಕ್ಕೆ ಕಳುಹಿಸಿದರೆ 2016ರ ಕಾಯ್ದೆಯ 58ನೇ ಕಲಮು ತೋರಿಸಿ. ಅಂಗವೈಕಲ್ಯ ಪ್ರಮಾಣಪತ್ರ ದೇಶದಾದ್ಯಂತ ಮಾನ್ಯ. ಸೋಲಾಪುರದಾಚೆಗೆ ಹೋದರೆ ಬೆಲೆ ಕಳೆದುಕೊಳ್ಳುವ ಕಾಗದವಲ್ಲ ಅದು.

ಒಂದು ಎಚ್ಚರಿಕೆ. ಸಂಜಯ ಗಾಂಧಿ ನಿರಾಧಾರ ಅನುದಾನದಂಥ ರಾಜ್ಯದ ಮಾಸಿಕ ನೆರವಿಗೆ ಮಹಾರಾಷ್ಟ್ರದಲ್ಲಿ 15 ವರ್ಷ ವಾಸವಾಗಿರಬೇಕು. ವಾಸದ ಈ ನಿಯಮವನ್ನು ಮುಂದೆ ಮಾಡಿ ‘ನಿಮಗೆ ಏನೂ ಸಿಗುವುದಿಲ್ಲ’ ಎಂದರೆ ಒಪ್ಪಬೇಡಿ. ಪಿಂಚಣಿಯ ಷರತ್ತು ಪಿಂಚಣಿಗೆ ಮಾತ್ರ. ನ್ಯಾಷನಲ್ ಟ್ರಸ್ಟಿನ ಯೋಜನೆಗಳು ಕೇಂದ್ರದವು. ನಿರಾಮಯ ಆರೋಗ್ಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ. ಇನ್ನು ಲೆಕ್ಕ ಕೇಳುವುದಕ್ಕೆ ಭಾರತದ ಪ್ರಜೆಯಾಗಿದ್ದರೆ ಸಾಕು. ನಿನ್ನೆ ರೈಲಿನಲ್ಲಿ ಬಂದಿಳಿದವರೂ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು.

ಬೇಡಿಕೆಯನ್ನು ದಾಖಲೆಗೆ ತರುವುದು

ಒಂದು ವಾರದ ಆರೈಕೆಯ ದಿನಚರಿ ಬರೆಯಿರಿ. ಏಳಿಸುವುದು, ಶೌಚ, ಸ್ನಾನ, ಊಟ ಮಾಡಿಸುವುದು, ರಾತ್ರಿ ಮಗ್ಗುಲು ಬದಲಿಸುವುದು, ಫಿಟ್ಸ್ ಬಂದರೆ ಹಿಡಿದುಕೊಂಡು ಕೂರುವುದು. ಪ್ರತಿಯೊಂದಕ್ಕೂ ಗಂಟೆ, ಯಾರು ಮಾಡಿದರು ಎಂಬುದು. ಮನೆಗೆಲಸ ಬಿಟ್ಟದ್ದು, ಕೂಲಿ ತಪ್ಪಿದ್ದು, ಆಸ್ಪತ್ರೆಗೆ ಹೋಗಲಾಗದ್ದು, ಎಲ್ಲ ಬರಲಿ. ಶಾಲಾ ನೋಟ್‌ಬುಕ್ಕಿನ ಎರಡು ಹಾಳೆ ಸಾಕು. ತಾಯಿ ದಣಿದಿದ್ದಾಳೆ ಎಂಬುದನ್ನು ಯಾವ ಅಧಿಕಾರಿಯೂ ಕಡತದಲ್ಲಿ ಬರೆದುಕೊಳ್ಳುವುದಿಲ್ಲ. ದಿನಕ್ಕೆ ಇಷ್ಟು ಗಂಟೆಯ ಆರೈಕೆ ಒಬ್ಬಳೇ ಮಾಡುತ್ತಾಳೆ ಎಂಬುದನ್ನು ಬರೆದುಕೊಳ್ಳಲೇಬೇಕಾಗುತ್ತದೆ.

ಇದನ್ನು ಜೋಡಿಸಿ ಒಂದು ಅರ್ಜಿ ಬರೆಯಿರಿ. ಇದರ ಬೆನ್ನೆಲುಬು 2016ರ ಕಾಯ್ದೆಯ 38ನೇ ಕಲಮು. ಶೇ 40 ಅಥವಾ ಹೆಚ್ಚಿನ ಅಂಗವೈಕಲ್ಯ ಇರುವ ಯಾರೇ ಆಗಲಿ, ಅವರ ಪರವಾಗಿ ಮನೆಯವರೇ ಆಗಲಿ, ಸಂಸ್ಥೆಯೇ ಆಗಲಿ, ‘ಹೆಚ್ಚಿನ ಬೆಂಬಲ’ ಬೇಕೆಂದು ಅರ್ಜಿ ಕೊಡಬಹುದು. ಅದು ಮೌಲ್ಯಮಾಪನ ಮಂಡಳಿಗೆ ಹೋಗಬೇಕು, ಮಂಡಳಿ ಯಾವ ಬಗೆಯ ಬೆಂಬಲ ಬೇಕೆಂದು ವರದಿ ಕೊಡಬೇಕು, ವರದಿಯ ಪ್ರಕಾರ, ಇರುವ ಯೋಜನೆಗಳ ಮಿತಿಯಲ್ಲಿ, ಬೆಂಬಲ ಒದಗಿಸಬೇಕು. ಕೇಳುವುದನ್ನು ಅಳತೆಗೆ ಸಿಗುವಂತೆ ಕೇಳಿ. ‘ಸಹಾಯ ಮಾಡಿ’ ಎಂದಲ್ಲ. ‘ವಾರಕ್ಕೆ ಎರಡು ಮಧ್ಯಾಹ್ನ ಮನೆಗೆ ಬಂದು ನೋಡಿಕೊಳ್ಳುವ ತರಬೇತಾದ ಸಹಾಯಕರು, ವರ್ಷಕ್ಕೆ ಹದಿನೈದು ದಿನ ಉಳಿದುಕೊಳ್ಳುವ ಆರೈಕೆ’ ಎಂದು.

ಅರ್ಜಿ ಎರಡು ಕಡೆ ಹೋಗಬೇಕು. ಒಂದು, ಜಿಲ್ಲಾಧಿಕಾರಿ ಕಚೇರಿಗೆ. ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಸ್ಥಾನಿಕ ಸಮಿತಿ ಅಲ್ಲಿರುತ್ತದೆ, ಪಾಲಕತ್ವದ ಪ್ರಮಾಣಪತ್ರ ಕೊಡುವುದೂ ಅದೇ ಸಮಿತಿ. ಎರಡು, ಮಹಾನಗರಪಾಲಿಕೆಯ ಸಮಾಜ ವಿಕಾಸ ವಿಭಾಗಕ್ಕೆ. ಹಳೆಯ ಕಾಗದಗಳಲ್ಲಿ ಇದನ್ನು ನಾಗರವಸ್ತಿ ವಿಕಾಸ ಎಂದು ನೋಡುತ್ತೀರಿ. ಪಿಂಪ್ರಿ-ಚಿಂಚ್ವಡ ಬೇರೆ ಪಾಲಿಕೆ, ಅಲ್ಲಿನವರು ಅಲ್ಲಿಗೇ ಕೊಡಬೇಕು. ಆವಕ-ಜಾವಕ, ಅಂದರೆ ಬರುವ-ಹೋಗುವ ಕಾಗದಗಳನ್ನು ದಾಖಲಿಸುವ ಮೇಜಿನಲ್ಲಿ ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಕ್ರಮಾಂಕ ಹಾಕಿಸಿಕೊಳ್ಳದೆ ಹೊರಬರಬೇಡಿ. ಇಲ್ಲಿ ಇದಕ್ಕೆ ಪೋಚ್ ಎನ್ನುತ್ತಾರೆ. ಪೋಚ್ ಇಲ್ಲದ ಅರ್ಜಿ ಕೊಡದ ಅರ್ಜಿಗೆ ಸಮ.

‘ಅಶೀ ಯೋಜನಾಚ್ ನಾಹೀ’, ಅಂಥ ಯೋಜನೆಯೇ ಇಲ್ಲ, ಎಂಬ ಉತ್ತರ ಬರುತ್ತದೆ. ಬಂದರೆ ಒಳ್ಳೆಯದೇ. ಕಲಬುರಗಿ ಕಡೆಯ ಒಬ್ಬ ಅಜ್ಜಿ ಒಂದು ಕಚೇರಿಯಲ್ಲಿ ಇದನ್ನು ಕೇಳಿ, ತಮಗೆ ಬರುವ ಅಷ್ಟಿಷ್ಟು ಮರಾಠಿಯಲ್ಲಿ ‘ಸಾಹೇಬ್, ಲಿಹೂನ್ ದ್ಯಾ’ ಎಂದರು: ಬರೆದು ಕೊಡಿ. ಗುಮಾಸ್ತ ಎದ್ದು ಒಳಗೆ ಹೋಗಿ ಮೇಲಿನವರನ್ನು ಕೇಳಿಕೊಂಡು ಬಂದ. ಯೋಜನೆ ಇಲ್ಲ ಎಂದು ಸಹಿ ಹಾಕಿ ಕೊಡುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಬರೆದು ಕೊಟ್ಟರೂ ನಿಮಗೆ ಲಾಭ, ಮುಂದೆ ದಿವ್ಯಾಂಗ ಆಯುಕ್ತರ ಮುಂದೆ ಇಡುವ ದಾಖಲೆ ಅದೇ.

ಒಬ್ಬರ ಅರ್ಜಿಗಿಂತ ಒಂದೇ ವಸ್ತಿಯ, ಅಂದರೆ ಒಂದೇ ಬಡಾವಣೆಯ, ಹತ್ತು ಮನೆಗಳ ಹತ್ತು ಅರ್ಜಿ ಮೇಲು. ಒಂದೇ ಕಾಗದಕ್ಕೆ ಹತ್ತು ಸಹಿ ಬೇಡ, ಅದಕ್ಕೆ ಒಂದೇ ಕ್ರಮಾಂಕ ಬೀಳುತ್ತದೆ.

ಬಜೆಟ್ ಪುಸ್ತಕ ಓದುವುದು

ಹೆಚ್ಚಿನವರು ಹೆದರುವುದು ಇಲ್ಲಿ, ನನಗೆ ಹೆಚ್ಚು ಇಷ್ಟವಾದ ಭಾಗವೂ ಇದೇ. ಮಹಾರಾಷ್ಟ್ರದಲ್ಲಿ ಸ್ಥಳೀಯ ಸಂಸ್ಥೆಗಳು ಅಂಗವೈಕಲ್ಯ ಇರುವವರಿಗಾಗಿ ಶೇ 5ರಷ್ಟು ನಿಧಿ ಇಡಬೇಕು. ಮೊದಲು ಇದು ಶೇ 3 ಇತ್ತು, 2016ರ ಕಾಯ್ದೆ ಬಂದ ಮೇಲೆ ಏರಿತು. ಗ್ರಾಮ ಪಂಚಾಯಿತಿಯಿಂದ ಮಹಾನಗರಪಾಲಿಕೆವರೆಗೆ ಎಲ್ಲರೂ ‘ದಿವ್ಯಾಂಗ 5 ಟಕ್ಕೆ ನಿಧಿ’ ಎನ್ನುವುದು ಇದನ್ನೇ. ಶಾಸನ ನಿರ್ಣಯಗಳು, ಅಂದರೆ ಸರ್ಕಾರಿ ಆದೇಶಗಳು, ರಾಜ್ಯದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಪ್ರತಿಯೊಂದಕ್ಕೂ ಒಂದು ಸಂಕೇತಾಂಕ ಇರುತ್ತದೆ, ಅರ್ಜಿಯಲ್ಲಿ ಅದನ್ನೇ ಉಲ್ಲೇಖಿಸಿ.

ಪಾಲಿಕೆಯ ಅಂದಾಜಪತ್ರಕವನ್ನು, ಅಂದರೆ ಬಜೆಟ್ ಪುಸ್ತಕವನ್ನು, ಅದರ ಜಾಲತಾಣದಿಂದ ಇಳಿಸಿಕೊಳ್ಳಿ. ದಪ್ಪ ಪುಸ್ತಕ, ಪೂರ್ತಿ ಮರಾಠಿ. ಪೂರ್ತಿ ಓದಬೇಕಾಗಿಲ್ಲ. ಕನ್ನಡದ ಮನೆಗಳ ಮಕ್ಕಳು ಇಲ್ಲಿ ಮರಾಠಿ ಶಾಲೆಯಲ್ಲೇ ಓದುತ್ತಾರೆ. ಎಂಟನೇ ತರಗತಿಯ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ದಿವ್ಯಾಂಗ’ ಅಥವಾ ‘ಅಪಂಗ’ ಎಂಬ ಪದ ಬರುವ ಸಾಲುಗಳನ್ನು ಮಾತ್ರ ಗುರುತು ಹಾಕಿಸಿ. ಪ್ರತಿ ಸಾಲಿನಲ್ಲೂ ಮೂರು ಅಂಕಿ ನೋಡಬೇಕು. ತರತೂದ್, ಅಂದರೆ ವರ್ಷದ ಆರಂಭದಲ್ಲಿ ಇಡುತ್ತೇವೆ ಎಂದ ಮೊತ್ತ. ಸುಧಾರಿತ, ಅಂದರೆ ವರ್ಷದ ನಡುವೆ ತಿದ್ದಿದ ಮೊತ್ತ. ಪ್ರತ್ಯಕ್ಷ ಖರ್ಚ್, ನಿಜವಾಗಿ ಆದ ಖರ್ಚು. ಮೂರನೆಯದು ಎರಡು ವರ್ಷ ಹಿಂದಿನದಾಗಿರುತ್ತದೆ, ಆದ್ದರಿಂದ ಒಂದೇ ವರ್ಷದ ಮೂರೂ ಅಂಕಿ ಬೇಕಾದರೆ ಬೇರೆ ಬೇರೆ ವರ್ಷದ ಪುಸ್ತಕ ತೆರೆಯಬೇಕು. ಪತ್ರಿಕೆಯಲ್ಲಿ ಬರುವುದು ಮೊದಲನೆಯ ಅಂಕಿ. ನಿಮಗೆ ಬೇಕಾದದ್ದು ಮೂರನೆಯದು.

ನಾಲ್ಕನೆಯ ಪದ ಒಂದಿದೆ, ವರ್ಗೀಕರಣ. ಒಂದು ತಲೆಬರಹದ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನು ಪಾಲಿಕೆಯ ಭಾಷೆಯಲ್ಲಿ ಹೀಗೆನ್ನುತ್ತಾರೆ. ವರ್ಷದ ಕೊನೆಗೆ ಖರ್ಚಾಗದೆ ಉಳಿದ ಹಣಕ್ಕೆ ಕಾಲು ಮೂಡುವುದು ಈ ಬಾಗಿಲಲ್ಲಿ. ದಿವ್ಯಾಂಗ ನಿಧಿಯಿಂದ ವರ್ಗೀಕರಣ ಆಗಿದೆಯೇ, ಆಗಿದ್ದರೆ ಯಾವ ಕಾಮಗಾರಿಗೆ, ಯಾರ ಮಂಜೂರಾತಿಯಿಂದ ಎಂಬುದು ನಿಮ್ಮ ಪ್ರಶ್ನೆಗಳಲ್ಲಿ ಇರಲೇಬೇಕು. 2022ರ ಮಾರ್ಚ್‌ನಲ್ಲಿ ಪುಣೆ ಮತ್ತು ಮುಂಬೈ ಪಾಲಿಕೆಗಳ ನಗರಸೇವಕರ (ಚುನಾಯಿತ ಸದಸ್ಯರ) ಅವಧಿ ಮುಗಿದು, ವರ್ಷಗಟ್ಟಲೆ ಆಡಳಿತಾಧಿಕಾರಿಯೇ ಎಲ್ಲ ನಿರ್ಧಾರ ಮಾಡಿದರು. ಆ ವರ್ಷಗಳ ಲೆಕ್ಕ ಕೇಳುವುದು ಇನ್ನೂ ಮುಖ್ಯ, ಸಭೆಯಲ್ಲಿ ಎದ್ದು ಪ್ರಶ್ನಿಸುವವರು ಆಗ ಯಾರೂ ಇರಲಿಲ್ಲ.

ಗುರುತು ಹಾಕಿದ ಸಾಲುಗಳನ್ನು ಎರಡು ಗುಂಪು ಮಾಡಿ. ಒಂದರಲ್ಲಿ ವಸ್ತು ಮತ್ತು ನಗದು: ತ್ರಿಚಕ್ರ, ಶ್ರವಣ ಯಂತ್ರ, ಬಸ್ ಪಾಸ್, ಒಮ್ಮೆ ಕೊಡುವ ಅನುದಾನ, ಮೇಳಾವ (ಸಮಾವೇಶ). ಇನ್ನೊಂದರಲ್ಲಿ ಸೇವೆ: ಹಗಲು ಆರೈಕೆ ಕೇಂದ್ರ, ಮನೆಗೆ ಬರುವ ಸಹಾಯಕರು, ಥೆರಪಿ, ಕರೆದೊಯ್ಯುವ ವಾಹನ. ಎರಡನೇ ಗುಂಪಿನ ಮೊತ್ತ ನೋಡಿದ ಮೇಲೆ ಹೆಚ್ಚೇನೂ ವಿವರಿಸಬೇಕಾಗುವುದಿಲ್ಲ. ತ್ರಿಚಕ್ರ ಹಂಚಿದರೆ ಫೋಟೋ ಬರುತ್ತದೆ. ವಾರಕ್ಕೆರಡು ಮಧ್ಯಾಹ್ನ ಒಬ್ಬ ತಾಯಿ ನಿದ್ದೆ ಮಾಡಿದರೆ ಫೋಟೋ ತೆಗೆಯುವುದು ಯಾರು? ಮಹಿಳಾ-ಬಾಲ ಕಲ್ಯಾಣ, ದುರ್ಬಲ ಘಟಕ ಎಂಬ ತಲೆಬರಹಗಳು ಬೇರೆ, ಅವನ್ನು ಇದರೊಂದಿಗೆ ಕಲೆಸಬೇಡಿ.

ಮಾಹಿತಿ ಹಕ್ಕಿನ ಅರ್ಜಿ

2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಇರಬೇಕು. ಪುಣೆಯಲ್ಲಿ ಕನ್ನಡದಲ್ಲಿ ಕೊಟ್ಟರೆ ನಡೆಯುವುದಿಲ್ಲ, ಮರಾಠಿಯಲ್ಲಿ ಬರೆಸಿ. ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳಲು ನೆರವಾಗುವುದು ಜನ ಮಾಹಿತಿ ಅಧಿಕಾರಿಯ ಕರ್ತವ್ಯ ಎಂದು 6ನೇ ಕಲಮು ಹೇಳುತ್ತದೆ. ಶುಲ್ಕ 10 ರೂಪಾಯಿ, ಕೋರ್ಟ್ ಫೀ ಸ್ಟಾಂಪ್ ಅಂಟಿಸಿದರೂ ಆಗುತ್ತದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ, ಪುರಾವೆ ಜೋಡಿಸಿ. ರಾಜ್ಯದ ಆನ್‌ಲೈನ್ ಪೋರ್ಟಲ್ ಮೂಲಕವೂ ಹಾಕಬಹುದು.

ಮಹಾರಾಷ್ಟ್ರದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ. ನೋವನ್ನೆಲ್ಲ ಹೇಳಿಕೊಳ್ಳಲು ಅಲ್ಲಿ ಜಾಗವಿಲ್ಲ, ಹೇಳಿಕೊಳ್ಳಲೂ ಬಾರದು. ‘ಯಾಕೆ ಖರ್ಚು ಮಾಡಲಿಲ್ಲ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಿರಸ್ಕರಿಸುತ್ತಾರೆ. ಇರುವ ದಾಖಲೆಯನ್ನು ಕೇಳಿ. ಪಾಲಿಕೆಗೆ ಹಾಕುವ ಅರ್ಜಿಯ ತಿರುಳು ಹೀಗಿರಬಹುದು, ಮರಾಠಿಗೆ ಇಳಿಸಿಕೊಳ್ಳಿ:

‘2022-23, 2023-24 ಮತ್ತು 2024-25ನೇ ಆರ್ಥಿಕ ವರ್ಷಗಳಿಗೆ: ದಿವ್ಯಾಂಗ ಕಲ್ಯಾಣದ ಶೇ 5ರ ನಿಧಿಯನ್ನು ಯಾವ ಮೊತ್ತದ ಮೇಲೆ ಲೆಕ್ಕ ಹಾಕಲಾಗಿದೆ ಎಂದು ತೋರಿಸುವ ಟಿಪ್ಪಣಿಯ ಪ್ರತಿ. ಆ ನಿಧಿಯ ಪ್ರತಿ ತಲೆಬರಹದ ಮೂಲ ತರತೂದ್, ಸುಧಾರಿತ ತರತೂದ್, ಪ್ರತ್ಯಕ್ಷ ಖರ್ಚು. ಆ ನಿಧಿಯಿಂದ ಇತರ ಕಾಮಗಾರಿಗೆ ಮಾಡಿದ ವರ್ಗೀಕರಣದ ಆದೇಶಗಳ ಪ್ರತಿ. ಹಗಲು ಆರೈಕೆ, ತಾತ್ಕಾಲಿಕ ವಸತಿ ಆರೈಕೆ, ಮನೆ ಆರೈಕೆ ಸೇವೆಗಳಿಗೆ ಕೊಟ್ಟ ಅನುದಾನ, ಸಂಸ್ಥೆವಾರು, ಮತ್ತು ಆ ಸಂಸ್ಥೆಗಳ ತಪಾಸಣಾ ವರದಿಗಳ ಪ್ರತಿ.’

ಮೊದಲ ಪ್ರಶ್ನೆಯನ್ನು ಬಿಡಬೇಡಿ. ಐದು ಪ್ರತಿಶತ ಎಂದರೆ ಯಾವುದರ ಐದು ಎಂಬುದರಲ್ಲಿ ಕೋಟಿಗಟ್ಟಲೆ ವ್ಯತ್ಯಾಸವಾಗುತ್ತದೆ. ರಸ್ತೆಯ ರ‍್ಯಾಂಪು, ಕಟ್ಟಡದ ಲಿಫ್ಟುಗಳನ್ನು ಈ ನಿಧಿಯ ಖಾತೆಗೇ ಹಾಕಿದ್ದಾರೆಯೇ ಎಂಬುದೂ ಎರಡನೇ ಉತ್ತರದಲ್ಲಿ ಗೊತ್ತಾಗುತ್ತದೆ.

ಎರಡನೇ ಅರ್ಜಿ ನ್ಯಾಷನಲ್ ಟ್ರಸ್ಟಿಗೆ, ಕೇಂದ್ರದ ಆರ್‌ಟಿಐ (ಮಾಹಿತಿ ಹಕ್ಕು) ಪೋರ್ಟಲ್‌ನಲ್ಲಿ, ಹಿಂದಿ ಅಥವಾ ಇಂಗ್ಲಿಷಿನಲ್ಲಿ. ಪುಣೆ ಜಿಲ್ಲೆಯಲ್ಲಿ ಸಮರ್ಥ್, ವಿಕಾಸ್, ಘರೌಂದಾ ಕೇಂದ್ರಗಳು ಎಷ್ಟು, ಮಂಜೂರಾದ ಸಂಖ್ಯೆ ಎಷ್ಟು, ಮೂರು ವರ್ಷಗಳಲ್ಲಿ ಬಿಡುಗಡೆಯಾದ ಹಣ ಎಷ್ಟು, ಬಂದಿರುವ ಉಪಯೋಗಿತಾ ಪ್ರಮಾಣಪತ್ರಗಳ (ಹಣ ಬಳಸಿದ್ದೇವೆ ಎಂದು ಸಂಸ್ಥೆ ಬರೆದುಕೊಡುವ ಪತ್ರಗಳ) ಪ್ರತಿ. ಕೇಂದ್ರ ಇಲ್ಲವೇ ಇಲ್ಲ ಎಂಬ ಉತ್ತರವೂ ಉತ್ತರವೇ, ಜೋಪಾನವಾಗಿಡಿ. ಕೇಂದ್ರ ಇದೆ ಎಂದರೆ ಒಂದು ದಿನ ಹೋಗಿ ನೋಡಿ. ಸಂಸ್ಥೆಗಳಿಗೆ ಅನುದಾನ ಕೊಡುವ ಕೇಂದ್ರದ ಇನ್ನೊಂದು ದಾರಿ ದೀನದಯಾಳ್ ದಿವ್ಯಾಂಗಜನ ಪುನರ್ವಸತಿ ಯೋಜನೆ. ಅದಕ್ಕೆ ಪ್ರತ್ಯೇಕ ಅರ್ಜಿ ಹಾಕಿ.

ಫಲಾನುಭವಿಗಳ ಹೆಸರು, ಕಾಯಿಲೆ ಕೇಳಬೇಡಿ. ಖಾಸಗಿ ಮಾಹಿತಿ ಎಂದು 8ನೇ ಕಲಮಿನಡಿ ನಿರಾಕರಿಸುತ್ತಾರೆ, ಅದು ಸರಿಯೂ ಹೌದು. ಸಂಖ್ಯೆ ಸಾಕು.

ಉತ್ತರಕ್ಕೆ 30 ದಿನ. ತಪ್ಪು ಕಚೇರಿಗೆ ಹಾಕಿದ್ದರೆ 5 ದಿನದೊಳಗೆ ಸರಿಯಾದ ಕಚೇರಿಗೆ ಅವರೇ ಕಳುಹಿಸಬೇಕು. 30 ದಿನ ದಾಟಿದರೆ ಪ್ರತಿಗಳಿಗೆ ಹಣ ಕೇಳುವಂತಿಲ್ಲ. ಕೆಲವೊಮ್ಮೆ 28ನೇ ದಿನ ‘ಸಾವಿರಾರು ಪುಟ, ಪುಟಕ್ಕೆ 2 ರೂಪಾಯಿಯಂತೆ ಕಟ್ಟಿ’ ಎಂಬ ಪತ್ರ ಬರುತ್ತದೆ. ಹೆದರಿ ಕೈಬಿಡಲಿ ಎಂದೇ ಬರುವ ಪತ್ರ ಅದು. ಕಡತ ಪರಿಶೀಲನೆ ಬೇಕೆಂದು ಬರೆದುಕೊಡಿ, ಹೋಗಿ ಕುಳಿತು ನೋಡಿ, ಬೇಕಾದ ಹತ್ತು ಪುಟ ಮಾತ್ರ ತೆಗೆದುಕೊಳ್ಳಿ. ಪುಣೆ ಪಾಲಿಕೆಯಲ್ಲಿ ಸೋಮವಾರ ಮಧ್ಯಾಹ್ನ 3ರಿಂದ 5ರವರೆಗೆ ಅರ್ಜಿಯೇ ಇಲ್ಲದೆ ಕಡತ ನೋಡಲು ಬಿಡುವ ಪದ್ಧತಿ ವರ್ಷಗಳ ಕಾಲ ನಡೆದು ಹೆಸರು ಮಾಡಿದೆ. ಹೊರಡುವ ಮುನ್ನ ಆ ವಿಭಾಗಕ್ಕೆ ಫೋನ್ ಮಾಡಿ ಕೇಳಿಕೊಳ್ಳಿ.

ಉತ್ತರ ಬಾರದಿದ್ದರೆ, ಅಥವಾ ಅರೆಬರೆ ಬಂದರೆ, 30 ದಿನದೊಳಗೆ ಅದೇ ಕಚೇರಿಯ ಪ್ರಥಮ ಅಪೀಲು ಅಧಿಕಾರಿಗೆ ಅಪೀಲು, 20 ರೂಪಾಯಿಯ ಸ್ಟಾಂಪ್. ಅನೇಕ ಸಲ ಮಾಹಿತಿ ಸಿಗುವುದು ಈ ಹಂತದಲ್ಲಿ, ವಿಚಾರಣೆಯ ಹಿಂದಿನ ದಿನ. ಆಮೇಲೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗದ ಪುಣೆ ಪೀಠಕ್ಕೆ ಎರಡನೇ ಅಪೀಲು. ತಪ್ಪಿತಸ್ಥ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಆದರೆ ಅಲ್ಲಿ ಸರದಿ ಬರಲು ಬಹಳ ಕಾಲ ಹಿಡಿಯುತ್ತದೆ. ಎರಡನೇ ಅಪೀಲು ಹಾಕಿಡಿ, ಅದಕ್ಕಾಗಿ ಕಾಯುತ್ತಾ ಕೂರಬೇಡಿ.

ಏನು ಮಾಡಬೇಕೆಂದು ನೀವೇ ಹೇಳಿ

ಲೆಕ್ಕ ಕೈಗೆ ಬಂದ ಮೇಲೆ ‘ನೋಡಿ, ಖರ್ಚಾಗಿಲ್ಲ’ ಎಂದು ಕೂಗಿದರೆ ಮುಂದಿನ ಮಾರ್ಚ್‌ನಲ್ಲಿ ಇನ್ನಷ್ಟು ತ್ರಿಚಕ್ರ ಕೊಂಡು ಖರ್ಚು ತೋರಿಸುತ್ತಾರೆ. ಆದ್ದರಿಂದ ಪ್ರಸ್ತಾವವೂ ನಿಮ್ಮದೇ ಇರಲಿ, ಸಣ್ಣದಾಗಿರಲಿ. ಪ್ರತಿ ವಸ್ತಿಯಲ್ಲೂ ಬೀಗ ಹಾಕಿದ ಸಮಾಜ ಮಂದಿರವೋ, ಅರ್ಧ ದಿನ ಖಾಲಿ ಇರುವ ಪಾಲಿಕೆಯ ಕೋಣೆಯೋ ಇರುತ್ತದೆ. ವಾರಕ್ಕೆ ಮೂರು ಮಧ್ಯಾಹ್ನ ಅಲ್ಲಿ ಹಗಲು ಆರೈಕೆ, ಇಬ್ಬರು ತರಬೇತಾದ ಸಹಾಯಕರು, ಶೌಚಾಲಯಕ್ಕೊಂದು ಹಿಡಿಕಂಬಿ, ಕರೆತರಲು ಒಂದು ರಿಕ್ಷಾ. ದೂರದ ದೊಡ್ಡ ವಸತಿಗೃಹಕ್ಕಿಂತ ಇದು ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಗ ತನ್ನ ಗಲ್ಲಿಯಲ್ಲೇ ಇರುತ್ತಾನೆ, ಪಾನ್ ಅಂಗಡಿಯವನೂ ಅವನ ಹೆಸರು ಹಿಡಿದು ಕರೆಯುತ್ತಾನೆ, ಸಮುದಾಯದಲ್ಲಿ ಬೆರೆಯುವುದು ಎಂದರೆ ಇಷ್ಟೇ ತಾನೇ. ನ್ಯಾಷನಲ್ ಟ್ರಸ್ಟ್ ಕಾಯ್ದೆಯ 10ನೇ ಕಲಮಿನ ಮೊದಲ ಉದ್ದೇಶವೂ ತನ್ನ ಸಮುದಾಯದೊಳಗೆ, ಅದಕ್ಕೆ ಆದಷ್ಟು ಹತ್ತಿರದಲ್ಲಿ ಬದುಕುವಂತೆ ಮಾಡುವುದು.

ಇದನ್ನು ಹಾಕಲು ಪುಣೆಯಲ್ಲಿ ಒಂದು ಒಳ್ಳೆಯ ಕಿಂಡಿ ಇದೆ. 2006ರಿಂದ ಇಲ್ಲಿ ನಾಗರಿಕರ ಸಹಭಾಗಿ ಅಂದಾಜಪತ್ರಕ ನಡೆಯುತ್ತಿದೆ. ಕ್ಷೇತ್ರೀಯ ಕಚೇರಿಯಲ್ಲಿ ಅರ್ಜಿ ನಮೂನೆ ಸಿಗುತ್ತದೆ. ಜನ ಹೆಚ್ಚಾಗಿ ಫುಟ್‌ಪಾತ್, ಬೆಂಚು ಕೇಳುವ ಜಾಗ ಅದು, ಹಿಡಿಕಂಬಿ-ರ‍್ಯಾಂಪಿನ ಭಾಗವನ್ನು ಅಲ್ಲಿಂದ ಮಾಡಿಸಿಕೊಳ್ಳಬಹುದು. ಸಹಾಯಕರ ಸಂಬಳದ ಭಾಗ ಶೇ 5ರ ನಿಧಿಯಿಂದ ಬರಬೇಕೆಂದು ಸಮಾಜ ವಿಕಾಸ ವಿಭಾಗಕ್ಕೆ, ಅದರ ಪ್ರತಿಯನ್ನು ನಿಮ್ಮ ನಗರಸೇವಕರಿಗೆ ಕೊಡಿ. ಬಜೆಟ್ ಸಿದ್ಧವಾಗುವ ಮುನ್ನ, ದೀಪಾವಳಿಯ ಹೊತ್ತಿಗೆ ಈ ಕಾಗದ ಒಳಗೆ ಹೋಗಿರಬೇಕು. ಫೆಬ್ರವರಿಯಲ್ಲಿ ಕೊಟ್ಟರೆ ಮುಂದಿನ ವರ್ಷಕ್ಕೆ ಕೊಟ್ಟಂತೆ.

ಲೋಕಶಾಹಿ ದಿನ ತಿಂಗಳ ಮೊದಲ ಸೋಮವಾರ, ಜಿಲ್ಲಾಧಿಕಾರಿ ಮತ್ತು ಪಾಲಿಕೆ ಆಯುಕ್ತರ ಮುಂದೆಯೇ ಅಹವಾಲು ಹೇಳಬಹುದು. ಅರ್ಜಿಯನ್ನು ಮುಂಚಿತವಾಗಿ, ನಿಗದಿತ ನಮೂನೆಯಲ್ಲಿ ಕೊಟ್ಟಿರಬೇಕು.

ದಿವ್ಯಾಂಗ ಆಯುಕ್ತರ ಬಳಿ

ಪುಣೆಯವರಿಗೆ ಒಂದು ಅನುಕೂಲ. ಮಹಾರಾಷ್ಟ್ರದ ದಿವ್ಯಾಂಗ ಕಲ್ಯಾಣ ಆಯುಕ್ತಾಲಯ ಮುಂಬೈಯಲ್ಲಿಲ್ಲ, ಇಲ್ಲೇ ಚರ್ಚ್ ರಸ್ತೆಯಲ್ಲಿದೆ. 2022ರ ಡಿಸೆಂಬರ್‌ನಲ್ಲಿ ರಾಜ್ಯ ದಿವ್ಯಾಂಗ ಕಲ್ಯಾಣಕ್ಕೇ ಪ್ರತ್ಯೇಕ ಇಲಾಖೆ ಮಾಡಿತು, ಅದರ ಸಚಿವಾಲಯ ಮುಂಬೈಯಲ್ಲಿದೆ, ದೂರಿನ ಜಾಗ ಮಾತ್ರ ಪುಣೆಯ ಈ ಆಯುಕ್ತಾಲಯ.

2016ರ ಕಾಯ್ದೆಯ 80ನೇ ಕಲಮು ರಾಜ್ಯ ಆಯುಕ್ತರ ಕೆಲಸಗಳನ್ನು ಪಟ್ಟಿ ಮಾಡುತ್ತದೆ. ರಾಜ್ಯ ಸರ್ಕಾರ ಅಂಗವೈಕಲ್ಯ ಇರುವವರಿಗೆ ಬಿಡುಗಡೆ ಮಾಡಿದ ಹಣದ ವಿನಿಯೋಗದ ಮೇಲೆ ನಿಗಾ ಇಡುವುದು ಅದರಲ್ಲಿ ಒಂದು. ಹಕ್ಕು ತಪ್ಪಿದ್ದನ್ನು ವಿಚಾರಿಸುವುದು ಇನ್ನೊಂದು. 82ನೇ ಕಲಮಿನಲ್ಲಿ ಸಾಕ್ಷಿಯನ್ನು ಕರೆಸುವ, ದಾಖಲೆ ತರಿಸುವ ಸಿವಿಲ್ ನ್ಯಾಯಾಲಯದ ಅಧಿಕಾರಗಳಿವೆ. ಆಯುಕ್ತರು ಶಿಫಾರಸು ಮಾಡಿದರೆ 81ನೇ ಕಲಮಿನಂತೆ ಸಂಬಂಧಪಟ್ಟ ಕಚೇರಿ 3 ತಿಂಗಳೊಳಗೆ ಕ್ರಮ ಕೈಗೊಂಡು ತಿಳಿಸಬೇಕು. ಒಪ್ಪದಿದ್ದರೆ ಕಾರಣವನ್ನು ಆಯುಕ್ತರಿಗೂ ನಿಮಗೂ ಬರೆದು ತಿಳಿಸಬೇಕು. ಮತ್ತೆ ಅದೇ, ಲಿಹೂನ್ ದ್ಯಾ.

ದೂರು ಎರಡು ಪುಟ ಮೀರದಿರಲಿ. ಯಾವ ಅರ್ಜಿ ಯಾವ ದಿನ, ಯಾವ ಕ್ರಮಾಂಕ, ಏನು ಉತ್ತರ. ಬಜೆಟ್ಟಿನ ಮೂರು ಅಂಕಿ. 5, 24, 38ನೇ ಕಲಮುಗಳು. ಕೇಳುವುದು ಎರಡೇ: ನಿಮ್ಮ ಮನೆಗೆ ಬೇಕಾದ ಬೆಂಬಲದ ಮೌಲ್ಯಮಾಪನ, ಮತ್ತು ಬಿಡುವಿನ ಆರೈಕೆಗೆ ಪ್ರತ್ಯೇಕ ತಲೆಬರಹ ತೆರೆಯಲು ಪಾಲಿಕೆಗೆ ಶಿಫಾರಸು. ಇದೇ ಕಾಯ್ದೆಯ 48ನೇ ಕಲಮು ಯೋಜನೆಗಳ ಸಾಮಾಜಿಕ ಲೆಕ್ಕಪರಿಶೋಧನೆ ಮಾಡಬೇಕೆನ್ನುತ್ತದೆ. ಅದು ಆಗಿದ್ದರೆ ವರದಿಯ ಪ್ರತಿಯನ್ನೂ ಕೇಳಿ.

ವಕೀಲರು ಬೇಕೆನಿಸಿದರೆ ಶಿವಾಜಿನಗರ ನ್ಯಾಯಾಲಯದ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಅಂಗವೈಕಲ್ಯ ಇರುವವರಿಗೆ ವಕೀಲರ ನೆರವು ಉಚಿತ. ಪುಣೆಯ ರಿಟ್ ಅರ್ಜಿ ಮುಂಬೈ ಹೈಕೋರ್ಟಿಗೆ ಹೋಗುತ್ತದೆ.

ಮುಂಬೈ, ಗೋವಾ

ಮುಂಬೈಯಲ್ಲಿ ದಾರಿ ಇದೇ, ಪಾಲಿಕೆ ದೊಡ್ಡದು, ಕಚೇರಿಗಳು ಚದುರಿವೆ. ನಗರ ಮತ್ತು ಉಪನಗರಕ್ಕೆ ಜಿಲ್ಲಾಧಿಕಾರಿಗಳು ಬೇರೆ ಬೇರೆ, ಸ್ಥಾನಿಕ ಸಮಿತಿಗೆ ಅರ್ಜಿ ಕೊಡುವಾಗ ನೋಡಿಕೊಳ್ಳಿ. ಧಾರಾವಿಯವರು ನಗರ ಜಿಲ್ಲೆ, ಅಂಧೇರಿ-ಗೋರೆಗಾಂವ್ ಕಡೆಯವರು ಉಪನಗರ. ಆಯುಕ್ತರಿಗೆ ದೂರು ಅಂಚೆಯಲ್ಲಿ ಪುಣೆಗೆ.

ಗೋವಾದಲ್ಲಿ ಶೇ 5ರ ಈ ಮಹಾರಾಷ್ಟ್ರದ ಆದೇಶಗಳನ್ನು ಉಲ್ಲೇಖಿಸಬೇಡಿ, ಅಲ್ಲಿಗೆ ಅನ್ವಯಿಸುವುದಿಲ್ಲ. ಕೇಂದ್ರದ ಎರಡೂ ಕಾಯ್ದೆಗಳು, ನ್ಯಾಷನಲ್ ಟ್ರಸ್ಟಿನ ಯೋಜನೆಗಳು, ಮಾಹಿತಿ ಹಕ್ಕು ಹಾಗೆಯೇ ಇವೆ. ದಯಾನಂದ ಸಾಮಾಜಿಕ ಭದ್ರತಾ ಯೋಜನೆಯ ಮಾಸಿಕ ನೆರವಿಗೆ ಅಲ್ಲೂ 15 ವರ್ಷ ವಾಸದ ಷರತ್ತಿದೆ. ಬೈನಾ, ಝುವಾರಿನಗರದ ನಮ್ಮವರು ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ, ಹಳೆಯ ರೇಷನ್ ಕಾರ್ಡು, ಶಾಲೆಯ ದಾಖಲೆ ಯಾವುದನ್ನೂ ಎಸೆಯಬೇಡಿ. ಗೋವಾ ಸರ್ಕಾರ ಅಂಗವೈಕಲ್ಯ ಇರುವವರ ಸಬಲೀಕರಣಕ್ಕೆ ಬೇರೆ ಇಲಾಖೆ ಮಾಡಿದೆ, ರಾಜ್ಯ ಆಯುಕ್ತರ ಕಚೇರಿ ಇದೆ, 2023ರ ಜನವರಿಯಲ್ಲಿ ಪಣಜಿಯಲ್ಲಿ ಪರ್ಪಲ್ ಫೆಸ್ಟ್ ಆರಂಭಿಸಿ ದೇಶದ ಗಮನವನ್ನೂ ಸೆಳೆದಿದೆ. ಉತ್ಸವ ಒಳ್ಳೆಯದೇ. ಅದರ ಖರ್ಚನ್ನೂ ಅದೇ ವರ್ಷ ಬಿಡುವಿನ ಆರೈಕೆಗೆ ಮಾಡಿದ ಖರ್ಚನ್ನೂ ಒಂದೇ ಅರ್ಜಿಯಲ್ಲಿ, ಪಕ್ಕಪಕ್ಕದ ಎರಡು ಪ್ರಶ್ನೆಗಳಾಗಿ ಕೇಳಿ.

ಎಲ್ಲ ಕಡೆಯವರಿಗೂ ಒಂದು ಕೆಲಸ ಉಳಿದಿದೆ. ಕಡತದ ಮೊದಲ ಹಾಳೆಯಲ್ಲಿ ದಿನಾಂಕಗಳ ಪಟ್ಟಿ ಮಾಡಿ ಮನೆಯ ಕ್ಯಾಲೆಂಡರಿನಲ್ಲೂ ಗುರುತು ಹಾಕಿ: ಅರ್ಜಿ ಕೊಟ್ಟ ದಿನದಿಂದ 30, ಮೊದಲ ಅಪೀಲಿಗೆ 30, ಎರಡನೆಯದಕ್ಕೆ 90, ಆಯುಕ್ತರ ಶಿಫಾರಸಿನಿಂದ 3 ತಿಂಗಳು. ಗಡುವು ಮುಗಿದ ಮರುದಿನವೇ ಮುಂದಿನ ಕಾಗದ ಹೋಗಬೇಕು.